ಕೋದಂಡಪ್ಪನ ಅಪಾಯರಹಿತ ದೆವ್ವಗಳು

“ದೆವ್ವಗಳನ್ನ ನನಗೆ ಬಿಡಿ ಮೇಡಂ! ಒಂದೇ ಒಂದು ಮಗುವಿನ ಕಣ್ಣಲ್ಲಿ ಒಂದು ತೊಟ್ಟು ನೀರು ಬಂದ್ರೂ ಈ ಮೀಸೆ ಬೋಳಿಸಿಬಿಡ್ತೀನಿ!”

ಕೋದಂಡಪ್ಪ ಹೀಗೆ ಘರ್ಜಿಸಿದ್ದು ರಣರಂಗದಲ್ಲಲ್ಲ, ಚಿನ್ನದ ಗಣಿಯೂರು ಉರಿಗಾಂನ ಒಂದು ಪುಟ್ಟ ನರ್ಸರಿ ಶಾಲೆಯ ವರಾಂಡದಲ್ಲಿ. ಕುಳಿತಿದ್ದದ್ದು ಸಿಂಹಾಸನದ ಮೇಲಲ್ಲ, ಮೂರು ವರ್ಷದ ಮಕ್ಕಳು ಕೂರುವ ಕೆಂಪು ಕುರ್ಚಿಯ ಮೇಲೆ. ಘರ್ಜಿಸಿ ಎದ್ದು ನಿಂತಾಗ ಕುರ್ಚಿಯೂ ಅವನ ಜೊತೆಗೇ ಎದ್ದಿತು. ಅದೇ ಶಾಲೆಯಲ್ಲಿ ಟೀಚರಾಗಿದ್ದ ಅವನ ಹೆಂಡತಿ ಗಂಗರತ್ನಮ್ಮ ಹಿಂದಿನಿಂದ ಬಂದು, ಕುರ್ಚಿಯನ್ನು ಕಿತ್ತು ನೆಲಕ್ಕಿಟ್ಟು, ಮತ್ತೆ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಅದು ಎಂಬತ್ತೈದನೇ ಇಸವಿಯ ಅಕ್ಟೋಬರ್. ಶಾಲೆ ನಡೆಸುತ್ತಿದ್ದ ಡಿಕ್ರೂಜ್ ಮೇಡಂಗೆ ಆ ತಿಂಗಳ ಕೊನೆಯ ದಿನವೆಂದರೆ ಹ್ಯಾಲೋವೀನ್. ಅವರ ತಂದೆ ಗಣಿಯಲ್ಲಿ ಫೋರ್‌ಮನ್ ಆಗಿದ್ದ ಕಾಲದಿಂದಲೂ ಆ ಸಂಜೆ ಗಣಿ ಕಾರ್ಮಿಕರ ಲೈನ್ ಮನೆಗಳ ಮಕ್ಕಳೆಲ್ಲ ಅವರ ಅಂಗಳದಲ್ಲಿ ಸೇರಿ, ದೆವ್ವದ ವೇಷ ಹಾಕಿ ಕುಣಿದು, ಸಿಹಿ ತಿಂದು ಹೋಗುವುದು ವಾಡಿಕೆ. ಆದರೆ ಹೋದ ವರ್ಷ ಎಡವಟ್ಟಾಗಿತ್ತು. ಕರೆಯದೆ ಬಂದ ಯಾರೋ ದೊಡ್ಡ ಹುಡುಗರು ಕೋರೆಹಲ್ಲಿನ ಮುಖವಾಡ ತೊಟ್ಟು ಗೋಡೆಯ ಹಿಂದಿನಿಂದ ‘ಭೋ’ ಎಂದು ಹಾರಿದರು. ಚಿನ್ನಪಾಪ ಎಂಬ ಪುಟ್ಟ ಹುಡುಗಿ ಕಿಟಾರನೆ ಕಿರುಚಿಕೊಂಡಿತು. ರಾತ್ರಿಯೇ ಜ್ವರ. ಅದರ ತಾಯಿ ಮಾರಿಯಮ್ಮ ಕೂಲಿಗೆ ಹೋಗುವ ಹೆಂಗಸು. ಅವಳು ಬಾಯಿ ತೆಗೆದರೆ ಗಣಿಯ ಸೈರನ್ನು ನಾಚಿಕೊಂಡು ನಿಲ್ಲುತ್ತಿತ್ತು. ಮರುದಿನ ಬೆಳಿಗ್ಗೆಯೇ ಗೇಟಿನ ಮುಂದೆ ಬಂದು ನಿಂತಿದ್ದಳು.

“ಇನ್ನೊಂದ್ಸಲ ನನ್ ಮಗು ಅತ್ಕೊಂಡ್ ಮನೇಗ್ ಬರ್ಲಿ, ಈ ಇಸ್ಕೂಲ್ ಗೇಟ್ಗೆ ನಾನೇ ಬೀಗ ಆಕ್ತೀನಿ! ನಮ್ ಲೈನಿಂದ ಒಂದು ಮಗೂನೂ ಇತ್ಲಾಗೆ ಕಾಲಿಡಾಕಿಲ್ಲ, ನೋಡ್ತಿರಿ!”

ಲೈನಿನ ಮಕ್ಕಳು ಬರಲಿಲ್ಲವೆಂದರೆ ಶಾಲೆಯಲ್ಲಿ ಉಳಿಯುವುದು ಕೆಂಪು ಕುರ್ಚಿಗಳು ಮಾತ್ರ. ಡಿಕ್ರೂಜ್ ಮೇಡಂ ಹೆದರಿ, ಈ ವರ್ಷ ಹಬ್ಬವೇ ಬೇಡ ಎಂದುಬಿಟ್ಟರು.

ಆ ಮಾತಿಗೆ ಸಿಡಿಲು ಬಡಿದಂತಾದದ್ದು ಕೋದಂಡಪ್ಪನ ಮಗಳು ಸುಗುಣಳಿಗೆ. ಹೋದ ವರ್ಷ ಅವಳಿಗೆ ಬರೀ ಬೆಕ್ಕಿನ ವೇಷ. ಈ ವರ್ಷ ಬೆಕ್ಕಿನಿಂದ ದೆವ್ವಕ್ಕೆ ಬಡ್ತಿ ಕೊಡುವುದಾಗಿ ಮೇಡಂ ಮಾತು ಕೊಟ್ಟಿದ್ದರು. ಐದು ವರ್ಷದ ಕೂಸು ಎರಡು ಹೊತ್ತು ಊಟ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿತು. ಬಡ್ತಿ ತಪ್ಪಿದವರ ದುಃಖ ಗಣಿ ಕಚೇರಿಯಲ್ಲಿ ವರ್ಷಾನುಗಟ್ಟಲೆ ಒಂದೇ ಮೇಜಿಗೆ ಅಂಟಿಕೊಂಡಿದ್ದ ಕೋದಂಡಪ್ಪನಿಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು? ಅವನ ಪಿತೃಹೃದಯ ಕರಗಿತು. ಕರಗಿದ್ದೇ ತಡ, ಶಾಲೆಗೆ ಓಡಿಬಂದು ಘರ್ಜಿಸಿದ.

ಅವನಿಗೆ ಆ ಹಕ್ಕಿತ್ತು ಎಂದೇ ಹೇಳಬೇಕು. ಅವನು ಗಣಿಯ ಸುರಕ್ಷತಾ ವಿಭಾಗದ ಗುಮಾಸ್ತ. ‘ತಲೆಗೆ ಟೋಪಿ ಹಾಕಿ, ತಲೆ ಉಳಿಸಿಕೊಳ್ಳಿ’ ಎಂದು ಮೂರು ಭಾಷೆಗಳಲ್ಲಿ ಬೋರ್ಡು ಬರೆಸಿದವನು. ಗಣಿಯೊಳಗೆ ಅವನು ಒಂದು ದಿನವೂ ಇಳಿದವನಲ್ಲ ಎನ್ನುವುದು ಬೇರೆ ಮಾತು. ಮನೆಯಲ್ಲೂ ಅಷ್ಟೆ. ಹೆಂಡತಿ ಒಗ್ಗರಣೆ ಹಾಕುವಾಗ “ಗಂಗಾ, ಸಾಸಿವೆ ಸಿಡಿಯುತ್ತೆ, ಹಿಂದೆ ಸರಿ!” ಎಂದು ಹೊಸ್ತಿಲಾಚೆಯಿಂದ ಆಜ್ಞೆ ಹೊರಡಿಸುತ್ತಿದ್ದ. ಮಂಚದ ನಾಲ್ಕು ಮೂಲೆಗೂ ಹಳೆ ಬಟ್ಟೆ ಸುತ್ತಿಸಿದ್ದ. ಮನೆಗೆ ಬಂದ ನೆಂಟರು ಮಂಚಕ್ಕೆ ಏನು ಗಾಯವಾಗಿದೆ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

“ಭೂಮಿಯ ಹೊಟ್ಟೆಯೊಳಗೆ ಇಳಿಯೋ ಜನಾನೇ ಜೋಪಾನ ಮಾಡ್ತೀನಿ. ಅಂಗಳದಲ್ಲಿ ಕುಣಿಯೋ ಚಿಳ್ಳೆಪಿಳ್ಳೆ ಒಂದು ಲೆಕ್ಕವಾ? ಏನೇನು ಆಟ ಇರ್ತವೆ, ಒಂದೊಂದಾಗಿ ಹೇಳಿ ಮೇಡಂ,” ಎಂದ.

ಮೇಡಂ ಅನುಮಾನದಿಂದಲೇ ಶುರುಮಾಡಿದರು. “ಫಸ್ಟು, ಮಕ್ಕಳು ಕುಂಬಳಕಾಯಿ ಕೊರೆದು ಮುಖ ಮಾಡೋದು.”

“ಚಾಕು! ಕ್ಯಾನ್ಸಲ್! ಮಕ್ಕಳು ಬಣ್ಣದ ಕಾಗದದ ಕಣ್ಣು ಮೂಗು ಗೋಂದಲ್ಲಿ ಅಂಟಿಸ್ಲಿ. ಕೊರೆದ ಕಾಯಿ ಒಂದೇ ಇರ್ಲಿ, ಅದನ್ನ ನಾನೇ ಕೊರೆದು ತರ್ತೀನಿ.”

“ಅದರೊಳಗೆ ಕ್ಯಾಂಡಲ್…”

“ಬೆಂಕಿ! ಕ್ಯಾನ್ಸಲ್! ಬ್ಯಾಟರಿ ಇಡೋಣ.”

“ಆಮೇಲೆ ಟಬ್ಬಲ್ಲಿ ನೀರು ತುಂಬಿ ಸೇಬು ತೇಲಿಬಿಡೋದು. ಮಕ್ಕಳು ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಹಿಡೀಬೇಕು.”

ಕೋದಂಡಪ್ಪ ಎದೆ ಹಿಡಿದುಕೊಂಡ. “ನೀರು! ಅದರ ಮೇಲೆ ಕೈ ಬೇರೆ ಕಟ್ಟೋದಾ? ಟಬ್ಬು ಇರ್ಲಿ, ಸೇಬೂ ಇರ್ಲಿ. ನೀರು ಮಾತ್ರ ಬೇಡ.”

“ನೀರಿಲ್ಲದ ಟಬ್ಬಿಂದ ಸೇಬು ಎತ್ಕೊಳ್ಳೋದು ಆಟ ಹೆಂಗಾಗ್ತದೆ ರೀ? ಅದಕ್ಕೆ ಸಂತೆ ಅಂತಾರೆ!” ಎಂದಳು ಗಂಗರತ್ನಮ್ಮ.

ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಕತ್ತಲಾದ ಮೇಲೆ ಶುರುವಾಗುತ್ತಿದ್ದ ಹಬ್ಬ ಬಿಸಿಲಿರುವಾಗಲೇ ಎಂದಾಯಿತು. ಮನೆಮನೆಗೆ ಹೋಗಿ ತಿಂಡಿ ಕೇಳುವುದು ನಾಯಿಗಳ ಕಾರಣದಿಂದ ರದ್ದಾಗಿ, ಮೇಡಂ ಅಡುಗೆಮನೆಯ ಬಾಗಿಲಿಗೆ ಮಾತ್ರ ಸೀಮಿತವಾಯಿತು. ಗಟ್ಟಿ ಮಿಠಾಯಿ ಗಂಟಲಿಗೆ ಸಿಕ್ಕೀತೆಂದು ಬಾಳೆಹಣ್ಣು ಬಂತು. ಬಾಳೆಹಣ್ಣಿನ ಸಿಪ್ಪೆ ಮೇಲೆ ಜಾರಿಯಾರೆಂದು ಸುಲಿದ ಬಾಳೆಹಣ್ಣು ಎಂದು ತಿದ್ದುಪಡಿಯಾಯಿತು.

“ಮತ್ತೆ ದೆವ್ವ?” ಎಂದಳು ಬಾಗಿಲ ಮರೆಯಲ್ಲಿ ನಿಂತಿದ್ದ ಸುಗುಣ.

“ದೆವ್ವ ಇದ್ದೇ ಇರ್ತದೆ ಪುಟ್ಟಿ! ಮುಖವಾಡ ಇರಲ್ಲ, ಅಷ್ಟೇ. ಉಸಿರಾಟಕ್ಕೆ ತೊಂದ್ರೆ, ದಾರಿ ಕಾಣಲ್ಲ. ನಗುನಗ್ತಾ ಇರೋ ದೆವ್ವ!”

ಡಿಕ್ರೂಜ್ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಮಿಸ್ಟರ್ ಕೋದಂಡಪ್ಪ, ನಿಮ್ಮ ಹ್ಯಾಲೋವೀನ್ ತುಂಬಾ ಸೇಫ್. ನಮ್ಮ ಡ್ಯಾಡಿ ಇದ್ದಿದ್ರೆ ಮಧ್ಯದಲ್ಲೇ ನಿದ್ದೆ ಮಾಡಿಬಿಡೋರು.”

ಕೋದಂಡಪ್ಪ ಇದನ್ನು ಹೊಗಳಿಕೆಯೆಂದೇ ತಿಳಿದು, ಕೈಮುಗಿದು ಹೊರಟ.

ಈಗ ಕುಂಬಳಕಾಯಿ ಬೇಕು. ಆಯುಧಪೂಜೆ ಆಗತಾನೆ ಮುಗಿದು ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಕುಂಬಳದ ವಂಶವೇ ನಿರ್ನಾಮವಾಗಿತ್ತು. ಭಾನುವಾರ ಅವನು ಬಸ್ಸು ಹತ್ತಿ ಕ್ಯಾಸಂಬಳ್ಳಿಯ ಪಕ್ಕದ ಹಳ್ಳಿಯಲ್ಲಿದ್ದ ಮಾವನ ಮನೆಗೆ ಹೋದ. ಮಾವ ಚಿಕ್ಕಮುನಿಯಪ್ಪ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು.

“ಮಾವ, ಹ್ಯಾಲೋವೀನ್‌ಗೆ ಒಂದು ದೊಡ್ಡ ಸಿಹಿಗುಂಬಳ ಬೇಕಿತ್ತು.”

ಚಿಕ್ಕಮುನಿಯಪ್ಪ ಹುಲ್ಲು ಕೆಳಗಿಟ್ಟರು. “ಎಮ್ಮೆ ಈನೋದು ಗೊತ್ತು, ಅಸ ಈನೋದು ಗೊತ್ತು. ಇದ್ಯಾವ್ದು ಅಳಿಮಯ್ಯ, ಅಲೋ ಈನೋದು?”

ಸತ್ತವರು ಆ ದಿನ ಭೂಮಿಗೆ ಬರುತ್ತಾರೆಂದು ಬಿಳಿ ದೊರೆಗಳ ಕಡೆ ನಂಬಿಕೆ, ಅದಕ್ಕೇ ಈ ವೇಷ, ಕುಣಿತ ಎಂದು ಕೋದಂಡಪ್ಪ ವಿವರಿಸಿದ.

“ಓ, ಮಾರ್ನಮಿ ಅಮಾಸೆ ಅನ್ನು! ನಾವು ಇರೀಕರಿಗೆ ಎಡೆ ಇಕ್ಕಾಕಿಲ್ವಾ, ಅಂಗೆ. ಆದ್ರೂ ನಾವು ವಡೆ ಪಾಯಸ ಇಕ್ಕಿ ಕೈ ಮುಗೀತೀವಿ. ಇವ್ರು ಮನೇಗ್ ಬಂದ ತಾತನ್ನ ಕುಂಬ್ಳಕಾಯಿ ತೋರ್ಸಿ ಎದ್ರುಸ್ತಾರಾ? ಒಳ್ಳೆ ಮರ್ಯಾದೆ ಕಣಪ್ಪ!”

ಅತ್ತೆ ಮುನಿನಾರಾಯಣಮ್ಮ ಒಳಗಿನಿಂದ ನಗುತ್ತಾ ಬಂದರು. ತಿಪ್ಪೆಯ ಮೇಲೆ ತಾನಾಗಿ ಹಬ್ಬಿದ ಬಳ್ಳಿಯಲ್ಲಿ ಬಿಟ್ಟ ಒಂದು ಕಾಯಿಯನ್ನು ಬೀಜಕ್ಕೆಂದು ಅಟ್ಟದ ಮೇಲಿಟ್ಟಿದ್ದರು. ಇಳಿಸಿದರೆ ಅದು ಕಾಯಿಯಲ್ಲ, ಕುಂಬಳ ಚಕ್ರವರ್ತಿ! ಚಿನ್ನದ ಬಣ್ಣ, ಉಬ್ಬಿದ ಪಕ್ಕೆಲುಬು, ನಗಾರಿಯಷ್ಟು ಗಾತ್ರ.

“ಬೀಜಕ್ ಮಡಗಿದ್ದೆ. ಮಕ್ಕಳಿಗೆ ಅಂತೀಯಲ್ಲ, ತಗಂಡೋಗು. ಬೀಜ ಮಾತ್ರ ಒಣಗ್ಸಿ ಗಂಗ ಕೈಲಿ ಕಳ್ಸು.”

ವಾಪಸು ಬಸ್ಸಿನಲ್ಲಿ ಚಕ್ರವರ್ತಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿದ. ಕಂಡಕ್ಟರ್ ಬಂದು ಇಬ್ಬರನ್ನೂ ನೋಡಿದ.

“ಇವ್ರಿಗೆ ಟಿಕೆಟ್?”

“ಏನಯ್ಯಾ, ಕುಂಬಳಕಾಯಿಗೆ ಟಿಕೆಟ್ಟಾ!”

“ಕೆಳಗಿದ್ರೆ ಲಗೇಜು ಸಾರ್, ಸೀಟ್ ಮ್ಯಾಲೆ ಕುಂತ್ರೆ ಪ್ಯಾಸಿಂಜರು!”

ಕೋದಂಡಪ್ಪ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡ. ಉರಿಗಾಂನಲ್ಲಿ ಇಳಿಯುವಾಗ ಎರಡೂ ಕಾಲು ಮರಗಟ್ಟಿ, ಜನ ಕುಂಬಳಕಾಯಿಯನ್ನು ಮೊದಲು ಇಳಿಸಿ, ಆಮೇಲೆ ಅವನನ್ನು ಇಳಿಸಿದರು.

ಕಾಯಿಯ ತೊಟ್ಟಿನ ಕಡೆ ಕತ್ತರಿಸಿದರೆ ಮುಚ್ಚಳ ಜಾರಿ ಮಕ್ಕಳ ಕಾಲ ಮೇಲೆ ಬಿದ್ದೀತೆಂದು ಅವನು ತಳದಲ್ಲಿ ದುಂಡಗೆ ತೂತು ಕೊರೆದ. ಒಳಗಿನ ತಿರುಳು ಬಳಿದ. ಎರಡು ದುಂಡು ಕಣ್ಣು, ಕಿವಿಯಿಂದ ಕಿವಿಗೆ ನಗುವ ಬಾಯಿ. ಬಾಯಿಯ ಕೊನೆಯ ಹಲ್ಲಿಗೆ ಬರುವಷ್ಟರಲ್ಲಿ ಚಾಕು ಜಾರಿ ಹೆಬ್ಬೆರಳು ಕೊಯ್ದುಕೊಂಡ.

ಗಂಗರತ್ನಮ್ಮ ಅರಿಶಿನ ಒತ್ತಿ ಬಟ್ಟೆ ಕಟ್ಟುತ್ತಾ ಕೇಳಿದಳು, “ಮಕ್ಕಳ ಕೈಗೆ ಚಾಕು ಕೊಡಬಾರ್ದು ಅಂದೋರು ನೀವೇ ಅಲ್ವಾ?”

“ಹೌದು! ನೋಡು, ಎಷ್ಟು ಸರಿಯಾಗಿ ಹೇಳಿದ್ದೆ!” ಎಂದ ಕೋದಂಡಪ್ಪ.

ಹಬ್ಬದ ದಿನ ಬಂತು. ಇಳಿಬಿಸಿಲು ಇನ್ನೂ ಗಣಿಯ ಕಸದ ಸೈನೈಡ್ ದಿಬ್ಬಗಳ ಮೇಲೆ ಬೆಳ್ಳಗೆ ಹೊಳೆಯುತ್ತಿತ್ತು. ಬಿಳಿ ಹೊದಿಕೆ ತೊಡರುತ್ತದೆಂದು ದೆವ್ವಗಳಿಗೆಲ್ಲ ಅಪ್ಪಂದಿರ ಬಿಳಿ ಬನಿಯನ್ನು ತೊಡಿಸಲಾಗಿತ್ತು. ಪ್ರತಿ ದೆವ್ವದ ತಲೆಯ ಮೇಲೂ ರಟ್ಟಿನ ಹೆಲ್ಮೆಟ್ಟು. ಯಾವ ದೆವ್ವವೂ ಕಳೆದುಹೋಗದಿರಲೆಂದು ಒಂದು ಉದ್ದ ನೂಲಿನ ಹಗ್ಗ; ಅದರಲ್ಲಿ ಗಂಟುಗಳು; ಒಂದೊಂದು ಗಂಟಿಗೆ ಒಂದೊಂದು ದೆವ್ವ. ಮುಂದೆ ಸೀಟಿ ಕಚ್ಚಿಕೊಂಡು ಕೋದಂಡಪ್ಪ. ಗೇಟಿನ ಪಕ್ಕದಲ್ಲಿ ತಾಯಂದಿರ ಸಾಲು. ಸಾಲಿನ ತುದಿಯಲ್ಲಿ, ಆ ದಿನದ ಕೂಲಿಯನ್ನೇ ಬಿಟ್ಟು ಬಂದು ಕೈಕಟ್ಟಿ ನಿಂತ ಮಾರಿಯಮ್ಮ. ಅವಳ ಸೆರಗಿನ ಹಿಂದಿನಿಂದ ಒಂದು ಕಣ್ಣು ಮಾತ್ರ ಹೊರಗೆ ಹಾಕಿದ್ದ ಚಿನ್ನಪಾಪ ಹಗ್ಗದ ಹತ್ತಿರವೂ ಬರಲೊಲ್ಲದು.

ಮೊದಲು ಕಾಗದದ ಮೂಗು ಅಂಟಿಸುವುದು. ಚೆನ್ನಾಗಿಯೇ ಆಯಿತು. ಕೆಲವು ಮೂಗುಗಳು ಪಕ್ಕದವರ ಕೆನ್ನೆಗೆ ಅಂಟಿದವು, ಕೋದಂಡಪ್ಪ ಕಿತ್ತುಹಾಕಿಸಿದ. ನಂತರ ನೀರಿಲ್ಲದ ಟಬ್ಬು. ಸೀಟಿ ಊದಿದ್ದೇ ತಡ ಮಕ್ಕಳು ಒಂದೊಂದು ಸೇಬು ಎತ್ತಿಕೊಂಡವು. ಆಟ ಮುಗಿಯಿತು. ಆಮೇಲೆ ದೆವ್ವಗಳ ಮೆರವಣಿಗೆ: ವರಾಂಡದಿಂದ ಗೇಟಿಗೆ, ಗೇಟಿನಿಂದ ವರಾಂಡಕ್ಕೆ. “ಎಡಗಡೆ! ಎಡಗಡೆ! ಓಡಬಾರ್ದು! ಹಗ್ಗ ಬಿಡಬಾರ್ದು!”

ಅಡುಗೆಮನೆಯ ಬಾಗಿಲಲ್ಲಿ ಗಂಗರತ್ನಮ್ಮ ಕಲಿಸಿದ್ದ ಮಾತನ್ನು ದೆವ್ವಗಳು ಒಕ್ಕೊರಲಿನಿಂದ ಕೂಗಿದವು: “ತಿಂಡಿ ಕೊಡ್ತೀರಾ? ತಂಟೆ ಮಾಡ್ಲಾ?”

“ತಂಟೆ ಮಾಡಲ್ಲ ಅನ್ನಿ!” ಎಂದು ಕೋದಂಡಪ್ಪ ತಿದ್ದಿದ.

“ತಂಟೆ ಮಾಡಲ್ಲ,” ಎಂದವು ದೆವ್ವಗಳು, ಸೋತ ದನಿಯಲ್ಲಿ. ಕೈಗೆ ಸುಲಿದ ಬಾಳೆಹಣ್ಣು ಬಂತು.

ಮತ್ತೆ ಮೆರವಣಿಗೆ. ಒಂದು ಪುಟಾಣಿ ಆಕಳಿಸಿತು. ಆಕಳಿಕೆ ಹಗ್ಗದುದ್ದಕ್ಕೂ ಗಂಟಿನಿಂದ ಗಂಟಿಗೆ ಹರಿಯಿತು. “ಟೀಚರ್, ಈ ಡ್ರಿಲ್ಲು ಯಾವಾಗ ಮುಗೀತದೆ?” ಎಂದಿತು ಇನ್ನೊಂದು. “ದೆವ್ವ ಇನ್ನೂ ಬಂದಿಲ್ವಾ?” ಎಂದಿತು ಮತ್ತೊಂದು, ತಾನೇ ದೆವ್ವವೆಂಬುದನ್ನು ಮರೆತು.

ಅಷ್ಟರಲ್ಲಿ ಸುಗುಣ ಗಂಟು ಬಿಟ್ಟು ಬಂದು ಅಪ್ಪನ ಪ್ಯಾಂಟು ಹಿಡಿದು ಜಗ್ಗಿದಳು. ಕೆಳತುಟಿ ಮುಂದೆ ಬಂದಿತ್ತು.

“ಅಪ್ಪಾ, ನಾನು ದೆವ್ವ ಆಗಿರೋದು ಯಾರಿಗೂ ಗೊತ್ತೇ ಆಗ್ತಿಲ್ಲ. ಎಲ್ಲಾರೂ ‘ಏನಮ್ಮ ಸುಗುಣ, ಅಪ್ಪನ ಬನಿಯನ್ ಯಾಕ್ ಹಾಕ್ಕೊಂಡಿದ್ದೀಯ’ ಅಂತ ಕೇಳ್ತಾರೆ.”

ಕಣ್ಣಲ್ಲಿ ನೀರು ತುಂಬಿ ತುಳುಕುವುದೊಂದೇ ಬಾಕಿ. ಅವಳ ಹಿಂದಿನ ದೆವ್ವವೂ ಮೂಗೆಳೆಯಿತು. ಅದರ ಹಿಂದಿನದೂ. ಮಕ್ಕಳ ಅಳು ಹೇಗೆ ಹತ್ತಿಕೊಳ್ಳುತ್ತದೆಂದು ಬಲ್ಲ ಗಂಗರತ್ನಮ್ಮ “ರೀ, ಏನಾದ್ರೂ ಮಾಡ್ರೀ!” ಎಂದಳು. ಗೇಟಿನ ಬಳಿ ಮಾರಿಯಮ್ಮ ಕಟ್ಟಿದ್ದ ಕೈ ಬಿಚ್ಚಿ ಒಂದು ಹೆಜ್ಜೆ ಮುಂದಿಟ್ಟಳು. ಡಿಕ್ರೂಜ್ ಮೇಡಂ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಆ ಗಳಿಗೆಯಲ್ಲಿ ಕೋದಂಡಪ್ಪನಿಗೆ ಸುರಕ್ಷತೆ ಮರೆತುಹೋಯಿತು, ಬೋರ್ಡುಗಳು ಮರೆತುಹೋದವು, ಮೂರು ಭಾಷೆಗಳೂ ಮರೆತುಹೋದವು. ಕಂಡದ್ದು ಮಗಳ ತುಟಿಯೊಂದೇ. ಅತ್ತಿತ್ತ ನೋಡಿದ. ಮೇಜಿನ ಮೇಲೆ ಕುಂಬಳ ಚಕ್ರವರ್ತಿ ನಗುತ್ತಿತ್ತು. ಒಳಗಿದ್ದ ಬ್ಯಾಟರಿ ತೆಗೆದೆಸೆದ. ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿದ. ತಲೆಯ ಮೇಲೆ ಒತ್ತಿದ. ಮೂಗು ಉಜ್ಜಿತು, ಕಿವಿ ಮಡಚಿತು, ‘ಪುಸಕ್’ ಎಂಬ ಶಬ್ದವಾಯಿತು. ತಲೆ ಒಳಗೆ!

“ಭೂಂ!” ಎಂದ ಕೋದಂಡಪ್ಪ ಕುಂಬಳದೊಳಗಿನಿಂದ, ಪ್ಯಾಂಟು ಎತ್ತಿ ಹಿಡಿದು ಕುಣಿಯುತ್ತಾ.

ಸುಗುಣ ಚಪ್ಪಾಳೆ ತಟ್ಟಿ “ನಮ್ಮಪ್ಪ! ನಮ್ಮಪ್ಪನ ತಲೆ ಕುಂಬಳಕಾಯಿ!” ಎಂದು ಕಿರುಚಿದಳು. ಹಗ್ಗ ಬಿತ್ತು, ಹೆಲ್ಮೆಟ್ಟುಗಳು ಹಾರಿದವು, ದೆವ್ವಗಳೆಲ್ಲ ಕುಣಿಯತೊಡಗಿದವು. ಕೋದಂಡಪ್ಪ ಒಂದು ಸುತ್ತು ಹಾಕಿದ, ಎರಡನೆಯ ಸುತ್ತು ಹಾಕಿದ, ಮೂರನೆಯ ಸುತ್ತಿನಲ್ಲಿ ಪರಂಗಿ ಗಿಡಕ್ಕೆ ಢೀ ಕೊಟ್ಟ. ಆ ಪೆಟ್ಟಿಗೆ ಕಾಯಿ ಗಿರಕ್ಕನೆ ತಿರುಗಿತು. ಕಣ್ಣು, ಬಾಯಿ ಎಲ್ಲ ತಲೆಯ ಹಿಂಭಾಗಕ್ಕೆ ಹೋಗಿ, ಮುಂದೆ ಬರೀ ಕಗ್ಗತ್ತಲೆ. ಅದನ್ನು ಕಂಡು ತಾಯಿಯ ಸೆರಗಿನ ಹಿಂದಿದ್ದ ಚಿನ್ನಪಾಪ ಕಿಲಕಿಲನೆ ನಕ್ಕಿತು!

ಕೋದಂಡಪ್ಪ ಮಾತ್ರ ನಗಲಿಲ್ಲ. ಕಾಯಿ ತೆಗೆಯಲು ನೋಡಿದ. ಬರಲಿಲ್ಲ. ಎಳೆದ. ಒಳಗೆ ಹೋಗುವಾಗ ಮಡಿಸಿಕೊಂಡು ಹೋದ ಕಿವಿಗಳು ಈಗ ಕೊಡೆಯ ಹಾಗೆ ಬಿಚ್ಚಿಕೊಂಡು ನಿಂತಿದ್ದವು.

“ಗಂಗಾ! ಬಿಡ್ತಾ ಇಲ್ಲ!” ಎಂದು ಕೂಗಿದ.

ಹೊರಗಿನವರಿಗೆ ಕೇಳಿಸಿದ್ದು “ಭಂ ಭಾ! ಭಿಭ್ತಾ ಭಿಲ್ಲ!”

“ಭಂ ಭಾ! ಭಿಭ್ತಾ ಭಿಲ್ಲ!” ಎಂದು ದೆವ್ವಗಳೆಲ್ಲ ಉತ್ತರ ಕೊಟ್ಟವು. ದೆವ್ವಗಳಿಗೆ ಕೊನೆಗೂ ತಮ್ಮದೇ ಒಂದು ಭಾಷೆ ಸಿಕ್ಕಿತ್ತು.

ಅವನು ಕೈ ಬೀಸುವ ರೀತಿ ನೋಡಿ ಗಂಗರತ್ನಮ್ಮನಿಗೆ ಅರ್ಥವಾಯಿತು. ಓಡಿಬಂದು ಎಳೆದಳು. ಮೇಡಂ ಎಳೆದರು. ಮಕ್ಕಳು ತಾವಾಗಿಯೇ ಹಗ್ಗ ತಂದು ಕಾಯಿಗೆ ಸುತ್ತಿ, ಗಂಟುಗಂಟಿಗೂ ನಿಂತು, “ಐಲೇಸಾ!” ಎಂದು ಜಗ್ಗಿದವು. ಕಾಯಿ ಬರಲಿಲ್ಲ, ಕಾಯಿಯ ಹಿಂದೆ ಕೋದಂಡಪ್ಪನೇ ಅಂಗಳದ ತುಂಬ ಬಂದ. ಮೇಡಂ ಒಂದು ಚೊಂಬು ಹರಳೆಣ್ಣೆ ತಂದು ಕಣ್ಣಿನ ತೂತಿನಿಂದ ಸುರಿದರು. ಈಗ ಕೋದಂಡಪ್ಪ ಸಿಕ್ಕಿಕೊಂಡವನಷ್ಟೇ ಅಲ್ಲ, ಎಣ್ಣೆಸ್ನಾನವಾದವನೂ ಆದ.

“ಪೆರುಮಾಳ್‌ನ ಕರೀರಿ!” ಎಂದರು ಯಾರೋ. ಪೆರುಮಾಳ್ ಗಣಿಯ ಬಡಗಿ; ಎದುರು ಲೈನಿನಲ್ಲೇ ಮನೆ. ಗರಗಸ ಹಿಡಿದು ಬಂದವನು ಕಾಯಿಯನ್ನು ಎರಡು ಬಾರಿ ಸುತ್ತಿದ, ಬೆರಳಿನಿಂದ ತಟ್ಟಿ ನೋಡಿದ.

“ಸಾರ್, ಆಡಾದೀಂಗ ಸಾರ್, ಅಲ್ಲಾಡ್ಬೇಡಿ! ಕುಯ್ಯೋದು ಈಸಿ. ತಲೆ ಎಲ್ಲಿ ಸುರು ಆಗ್ತದೆ, ಅದೊಂದು ಗೊತ್ತಾಗ್ಬೇಕಲ್ಲ.”

ಅಷ್ಟು ಮಾತ್ರ ಕುಂಬಳದೊಳಕ್ಕೆ ಸ್ಪಷ್ಟವಾಗಿ ಕೇಳಿಸಿತು. ಕೋದಂಡಪ್ಪ ಎರಡೂ ಕೈಯಿಂದ ಕಾಯಿ ತಬ್ಬಿಕೊಂಡು ಕುಕ್ಕರಿಸಿಬಿಟ್ಟ. ಒಳಗೆ ಬಿಸಿ, ಎಣ್ಣೆಯ ಜಿಡ್ಡು, ಹಸಿ ತಿರುಳಿನ ವಾಸನೆ, ಕತ್ತಲು. ಇಷ್ಟು ವರ್ಷ ಮೇಲೆ ಫ್ಯಾನಿನ ಕೆಳಗೆ ಕೂತು ಕತ್ತಲಲ್ಲಿ ಹೇಗಿರಬೇಕೆಂದು ಬೋರ್ಡು ಬರೆಸಿದವನಿಗೆ ಕತ್ತಲೆಂದರೆ ಏನೆಂದು ಈಗ ಗೊತ್ತಾಯಿತು. ಆಟವಲ್ಲ, ನಿಜವಾಗಿಯೂ ಹೆದರಿದ.

ಕಾಯಿ ತಬ್ಬಿದ್ದ ಅವನ ಕೈಯ ಕಿರುಬೆರಳನ್ನು ಯಾರೋ ಹಿಡಿದುಕೊಂಡರು. ಪುಟ್ಟ ಕೈ. ಬಾಳೆಹಣ್ಣಿನ ಅಂಟು.

“ಮಾಮ, ಎದ್ರುಕೋಬ್ಯಾಡ. ಅದು ಬರೀ ಕುಂಬ್ಳಕಾಯಿ,” ಎಂದಿತು ಒಂದು ಸಣ್ಣ ದನಿ, ಹಿಂಭಾಗದ ಬಾಯಿಯ ತೂತಿಗೆ ತುಟಿ ಹಚ್ಚಿ. “ನಂಗೂ ಓದ್ವರ್ಸ ಎದ್ರಿಕೆ ಆಗಿತ್ತು. ಆಮೇಲೆ ಓಯ್ತು. ನಾನು ಇಲ್ಲೇ ಇರ್ತೀನಿ.”

ಚಿನ್ನಪಾಪ! ಇನ್ನೊಂದು ಕೈಯನ್ನು ಸುಗುಣ ಹಿಡಿದಳು. ಉಳಿದ ದೆವ್ವಗಳಿಗೆ ಬೆರಳು ಸಾಲದೆ ಅಂಗಿ, ಬೆಲ್ಟು, ಮೊಣಕಾಲು ಹಿಡಿದು ಸುತ್ತಲೂ ಕುಳಿತವು. ಕೋದಂಡಪ್ಪನ ಉಸಿರು ಮೆಲ್ಲಗೆ ಹದಕ್ಕೆ ಬಂತು. ಧೈರ್ಯ ತಂದುಕೊಂಡು ತಲೆ ಬಾಗಿಸಿ, ಪೆರುಮಾಳ್ ಕೊಯ್ಯಲೆಂದು ಕತ್ತು ಚಾಚಿದ.

ಆದರೆ ಪೆರುಮಾಳ್ ಮುಟ್ಟುವ ಮುಂಚೆಯೇ ಬೇರೆ ಯಾರೋ ಮುಂದೆ ಬಂದಿದ್ದರು. ಲೈನಿಗೆಲ್ಲ ಹಾಲು ಹಾಕುವ ಮುನಿಶಾಮಮ್ಮ ಸಂಜೆಯ ಹೊತ್ತು ಹಸುವನ್ನು ಹೊಡೆದುಕೊಂಡು ಹೋಗುತ್ತಿದ್ದವಳು, ಗಲಾಟೆ ನೋಡಲು ಗೇಟಿನಲ್ಲಿ ನಿಂತಿದ್ದಳು. ಅವಳ ಹಸು ಕೆಂಪಿ ನಿಲ್ಲಲಿಲ್ಲ. ನೇರವಾಗಿ ಒಳಗೆ ಬಂದು, ಬಾಗಿದ ಕುಂಬಳವನ್ನು ಮೂಸಿ, ಬಾಯಿ ಹಾಕಿತು.

ಪೆರುಮಾಳ್ ಗರಗಸ ಹಿಂದಕ್ಕೆಳೆದುಕೊಂಡ. ಗಂಗರತ್ನಮ್ಮ ಕೂಗಲು ತೆರೆದ ಬಾಯನ್ನು ಸೆರಗಿನಿಂದ ಮುಚ್ಚಿಕೊಂಡಳು. ಮಕ್ಕಳು ಉಸಿರು ಬಿಗಿಹಿಡಿದವು. ಕರಕರ, ಕರಕರ.

“ಭಲೇ ಪೆರುಮಾಳ್!” ಎಂದ ಕೋದಂಡಪ್ಪ. ತೂತು ದೊಡ್ಡದಾದಂತೆ ಮಾತೂ ಸ್ಪಷ್ಟವಾಗತೊಡಗಿತ್ತು. “ಎಷ್ಟು ನಯವಾಗಿ ಕೊಯ್ತೀಯಯ್ಯಾ! ಗರಗಸ ತಾಗಿದ್ದೇ ಗೊತ್ತಾಗ್ತಿಲ್ಲ! ಕೆಲಸಗಾರ ಅಂದ್ರೆ ನೀನು!”

ಕರಕರ.

“ಅವಸರ ಬೇಡ. ನಿಧಾನ. ಹಾಂ… ಆದ್ರೆ ಸ್ವಲ್ಪ ದೂರ ನಿಂತ್ಕೊಂಡು ಉಸಿರು ಬಿಡಪ್ಪ, ಬಿಸಿಯಾಗ್ತದೆ.”

ಮಾರಿಯಮ್ಮ ಬಾಯಿಗೆ ಸೆರಗು ತುರುಕಿಕೊಂಡು ನೆಲಕ್ಕೇ ಕುಸಿದಳು. ಕೆಂಪಿ ಇನ್ನೊಂದು ದೊಡ್ಡ ತುಂಡು ಕಿತ್ತಿತು. ಬೆಳಕು ಒಳನುಗ್ಗಿತು. ಜೊತೆಗೆ ಮೊಳದುದ್ದದ ಒರಟು ನಾಲಗೆಯೂ ಒಳನುಗ್ಗಿ, ಗಲ್ಲದಿಂದ ಹಣೆಯವರೆಗೆ ಹರಳೆಣ್ಣೆ ಸಮೇತ ಅವನ ಮುಖವನ್ನು ಒಂದೇ ಎಳೆತಕ್ಕೆ ನೆಕ್ಕಿತು.

“ಪೆರುಮಾಳ್! ಏನಯ್ಯಾ ಇದು! ಥೂ! ಹೆಂಡ್ತಿ ಮುಂದೇನೇ!”

ಅಂಗಳ ಸ್ಫೋಟಿಸಿತು. ಮಕ್ಕಳು ನೆಲದಲ್ಲಿ ಉರುಳಾಡಿದವು. ಡಿಕ್ರೂಜ್ ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ ಒಂದು ಕೆಂಪು ಕುರ್ಚಿಯ ಮೇಲೆ ಕುಳಿತುಬಿಟ್ಟರು. ಪೆರುಮಾಳ್ ಉಳಿದ ಕಾಯಿಯನ್ನು ಕೈಯಲ್ಲೇ ಮುರಿದು ತೆಗೆದ. ಕತ್ತಿನ ಸುತ್ತ ಒಂದು ಹಳದಿ ಬಳೆ ಮಾತ್ರ ಉಳಿಯಿತು, ಸನ್ಮಾನದ ಹಾರದ ಹಾಗೆ. ಅದನ್ನೂ ಕೆಂಪಿ ಗೌರವದಿಂದ ತೆಗೆದುಕೊಂಡಿತು.

ಮಾರಿಯಮ್ಮ ಎದ್ದು, ಮಗಳನ್ನು ಕಂಕುಳಿಗೆ ಏರಿಸಿಕೊಂಡು ಹತ್ತಿರ ಬಂದಳು. ಕೋದಂಡಪ್ಪ ತಲೆ ತಗ್ಗಿಸಿದ.

“ಯಾವ್ ಮಗೂನೂ ಅಳ್ಲಿಲ್ಲ ಸಾರ್,” ಎಂದಳು. “ನೀವೊಬ್ರು ಸ್ವಲ್ಪ ಅತ್ತಂಗಿತ್ತು. ಮನೇಗ್ ಓಗಿ ಕುತ್ತಿಗೆಗೆ ಬಿಸಿನೀರು ಆಕ್ಕೊಳ್ಳಿ.” ಆಮೇಲೆ ಮೇಡಂ ಕಡೆ ತಿರುಗಿ, “ಬರೋ ವರ್ಸಾನೂ ಮಾಡಿ ಮೇಡಂ. 'ಮಾಮಂಗೆ ಕೈ ಇಡ್ಕೊಳ್ಳಾಕೆ ನಾನಿರ್ಬೇಕು' ಅಂತದೆ ಇದು,” ಎಂದಳು.

ಆ ರಾತ್ರಿ ಕೋದಂಡಪ್ಪನ ಕಿವಿಗಳು ಹಪ್ಪಳದಂತೆ ಕೆಂಪಾಗಿ ಉಬ್ಬಿದ್ದವು. ಗಂಗರತ್ನಮ್ಮ ಎರಡಕ್ಕೂ ಬೆಣ್ಣೆ ಹಚ್ಚುತ್ತಾ, ನಗು ತಡೆಯಲಾರದೆ ಒಮ್ಮೊಮ್ಮೆ ಎದ್ದು ಅಡುಗೆಮನೆಗೆ ಹೋಗಿ ಬರುತ್ತಿದ್ದಳು. ಸುಗುಣ ಅಪ್ಪನ ಮಗ್ಗುಲಲ್ಲಿ ಬನಿಯನ್ ಸಮೇತ ಮಲಗಿ, ನಿದ್ದೆಯಲ್ಲೂ “ಭಂ ಭಾ” ಎನ್ನುತ್ತಿದ್ದಳು. ಅದನ್ನು ಕೇಳುತ್ತಾ ಅವನಿಗೂ ನಗು ಬಂತು. ನಕ್ಕರೆ ಕಿವಿ ನೋಯುತ್ತಿತ್ತು, ಆದರೂ ನಕ್ಕ. ಬೆಳಿಗ್ಗೆ ಎದ್ದರೆ ಎಲ್ಲರೂ ಮರೆತಿರುತ್ತಾರೆ, ಮಕ್ಕಳ ಆಟ ಎಷ್ಟು ಹೊತ್ತು ನೆನಪಿರುತ್ತದೆ ಎಂದು ಸಮಾಧಾನ ಮಾಡಿಕೊಂಡು ಮಲಗಿದ.

ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಗಂಗರತ್ನಮ್ಮ ತೆರೆದರೆ ಮುನಿಶಾಮಮ್ಮ. ಕೈಯಲ್ಲಿ ಖಾಲಿ ಚೊಂಬು. ಹಿಂದೆ, ಮೆಟ್ಟಿಲ ಮೇಲೆಯೇ ಎರಡು ಕಾಲಿಟ್ಟು, ಕತ್ತು ಒಳಗೆ ಚಾಚಿ ನಿಂತ ಕೆಂಪಿ.

“ಏನ್ ಮುನಿಶಾಮಮ್ಮ, ಹಾಲೆಲ್ಲಿ?”

“ಆಲೆಲ್ಲಿಂದ ತರ್ಲಿ ತಾಯಿ! ಬೆಳಗ್ಗಿಂದ ಕೆಚ್ಚಲಿಗೆ ಕೈ ಆಕಾಕ್ ಬಿಡ್ವಲ್ದು. ಅಗ್ಗ ಕಿತ್ಕೊಂಡು ಸೀದಾ ಇಲ್ಲೀಗ್ ಬಂದ್ ನಿಂತದೆ.” ಮುನಿಶಾಮಮ್ಮ ದನಿ ತಗ್ಗಿಸಿ ಬೇಡಿಕೊಂಡಳು. “ಬೇಜಾರ್ ಮಾಡ್ಕೋಬ್ಯಾಡ್ರವ್ವ… ನಿಮ್ಮ್ ಯಜಮಾನ್ರು ಒಂದ್ಗಳಿಗೆ ಬಾಗ್ಲಿಂದ ತಲೆ ಒರಗ್ ಆಕಿದ್ರೆ, ಅಂಗೇ ನೆಕ್ಕಂಡು, ಆಲ್ ಬಿಟ್ಬುಡ್ತದೆ.”

ಒಳಗೆ ಕಂಬಳಿಯಡಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಕೋದಂಡಪ್ಪ ಅದನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡ. ಲೈನಿನ ಮಕ್ಕಳಿಗೆಲ್ಲ ಹಾಲು ಹೋಗಬೇಕು. ಆಮೇಲೆ ನಿಟ್ಟುಸಿರು ಬಿಟ್ಟು, ಎದ್ದು, ಎರಡೂ ಕಿವಿಗೆ ಜೋಪಾನವಾಗಿ ಟವೆಲು ಸುತ್ತಿಕೊಂಡು, ಬಾಗಿಲಿಗೆ ನಡೆದ.